ನನ್ನ ಬಾಯಿ ಕಟ್ಟಿದ್ದಾಯ್ತು, ನೆಂಟರ ಬಾಯಿ ಕಟ್ಟೋದು ಹೆಂಗೆ?

ವಿದ್ಯಾನಗರದ_ಸೊಸೆ
ಎಲ್ರಿಗೂ ದಾವಣಗೆರೆಯಿಂದ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇದ್ದೋರು ಓದಿ.

ನಂಗೆ 34. ಎತ್ತರ 158 ಸೆಂ.ಮೀ. ಎರಡನೇ ಬಾಣಂತನ ಮುಗಿಯೋ ಹೊತ್ತಿಗೆ 81 ಕೆಜಿ ಆಗಿದ್ದೆ. ಮೊಣಕಾಲು ನೋವು ಅಂತ ಡಾಕ್ಟ್ರ ಹತ್ರ ಹೋದ್ರೆ ರಕ್ತ ಪರೀಕ್ಷೆ ಬರ್ಕೊಟ್ರು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರ್ಸೋ ಲೆಕ್ಕ) 6.1 ಬಂತು. "ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲಮ್ಮ, ಹೊಸ್ತಿಲ ಮೇಲೆ ಕೂತೈತೆ" ಅಂದ್ರು. ಅವತ್ತಿಂದ ಬೆಳಿಗ್ಗೆ ಕುಂದವಾಡ ಕೆರೆ ಹತ್ರ ನಡಿಗೆ, ರಾತ್ರಿ ಒಂದೂವರೆ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಉಪವಾಸ ಇಲ್ಲ, ಪುಡಿ ಇಲ್ಲ, ಮಾತ್ರೆ ಇಲ್ಲ. ನಾಲ್ಕು ತಿಂಗಳಿಗೆ 76ಕ್ಕೆ ಬಂದೀನಿ.

ಊಟದ್ದು ಹೆಂಗೋ ಸಂಭಾಳಿಸ್ದೆ. ಜನರ ಮಾತು ಸಂಭಾಳಿಸೋಕೆ ಆಗ್ತಿಲ್ಲ.

ಹೋದ ಭಾನುವಾರ ನೆಂಟರ ಗೃಹಪ್ರವೇಶ. ಪಂಕ್ತೀಲಿ ಕೂತಿದ್ದೆ. ಹೋಳಿಗೆ ಬುಟ್ಟಿ ಹಿಡ್ಕೊಂಡು ಒಬ್ಬ ಹುಡುಗ ಬಂದ. ಅವನು ನನ್ನ ಎಲೆ ಮುಂದೆ ಬಗ್ಗಿದ್ದಷ್ಟೇ, ಆ ತುದಿಯಿಂದ ನಮ್ಮ ದೊಡ್ಡಮ್ಮ ಕೂಗಿದ್ರು, "ಏ, ಆ ಹುಡುಗಿಗೆ ಹಾಕ್ಬೇಡಪ್ಪೋ, ಡಯಟ್ಟಂತೆ!" ಹುಡುಗ ಬಗ್ಗಿದಲ್ಲೇ ನಿಂತ. ನನ್ನ ಮುಖ ನೋಡ್ದ, ಹೊಟ್ಟೆ ನೋಡ್ದ, ಮತ್ತೆ ಬುಟ್ಟಿ ನೋಡ್ಕೊಂಡು ಪಕ್ಕದ ಎಲೆಗೆ ಹೋದ. ಇಡೀ ಸಾಲು ನಕ್ತು. ನಿಜ ಹೇಳ್ಲಾ? ಅವತ್ತು ಒಂದು ಹೋಳಿಗೆ ತಿನ್ನಬೇಕು ಅಂತಲೇ ಬೆಳಿಗ್ಗೆಯಿಂದ ಲೆಕ್ಕ ಹಾಕ್ಕೊಂಡು ಕೂತಿದ್ದೆ.

ಮನೇಲಿ ಅತ್ತೆ ಒಳ್ಳೆಯವರೇ, ಸುಳ್ಳು ಹೇಳಲ್ಲ. ಆದ್ರೆ ದಿನಾ ಒಂದೇ ರಾಗ. "ಸೊರಗಿ ಹೋಗಿದೀಯ, ಮುಖದ ಕಳೆನೇ ಇಲ್ಲ, ಸೊಸೆಗೆ ಉಣ್ಣಾಕೆ ಹಾಕಲ್ವಾ ಅಂತ ಜನ ನನ್ನ ಕೇಳ್ತಾರೆ." ಮೊನ್ನೆ ರಾತ್ರಿ ರೊಟ್ಟಿ ಮುರಿದ್ರೆ ಬೆರಳು ಜಾರ್ತು. ಎತ್ತಿ ನೋಡಿದ್ರೆ ಎರಡು ಪದರದ ನಡುವೆ ಬೆಣ್ಣೆ, ಅರ್ಧ ಕರಗಿದೆ, ಅರ್ಧ ಇನ್ನೂ ಉಂಡೆ. ಎಷ್ಟು ದಿನದಿಂದ ನಡೀತಿದೆಯೋ ಗೊತ್ತಿಲ್ಲ.

ಯಜಮಾನ್ರು "ಅಮ್ಮನ ಮಾತು ತಲೆಗೆ ಹಚ್ಕೋಬೇಡ" ಅಂತಾರೆ, ರಾತ್ರಿ ಒಂಬತ್ತಕ್ಕೆ ಬೆಣ್ಣೆ ದೋಸೆ ಪಾರ್ಸಲ್ ತರ್ತಾರೆ. ಹರಿಹರದಲ್ಲಿ ತವರು. ಅಲ್ಲಿಗೆ ಹೋದ್ರೆ ಅವ್ವ, "ನಾಕು ತಿಂಗಳಿಂದ ಏನ್ ಕಡಿದೆ? ಒಂಚೂರೂ ಇಳ್ದಂಗೆ ಕಾಣಲ್ಲ." ಅಂದ್ರೆ ವಿದ್ಯಾನಗರದಲ್ಲಿ ಸೊರಗಿರ್ತೀನಿ, ಹರಿಹರ ಬಸ್ಸು ಹತ್ತಿ ಇಳಿಯೋದ್ರೊಳಗೆ ದಪ್ಪ ಆಗ್ತೀನಿ.

ಇಂಥವರ ಜತೆ ಜಗಳ ಆಡದೆ ಹೆಂಗೆ ಇದ್ರಿ ನೀವೆಲ್ಲ?

ಮಂಡಕ್ಕಿ_ಮೆಣಸಿನಕಾಯಿ
ಹರಿಹರ ಬಸ್ಸು 😂😂 ಟೀ ಚೆಲ್ಕೊಂಡೆ ಕಣಕ್ಕ. ಪಾಪ ಆ ಹೋಳಿಗೆ.

ಕೋಟೆ_ಹುಡುಗ
ಚಿತ್ರದುರ್ಗದಿಂದ. ಹೆಣ್ಮಕ್ಕಳಿಗೆ ಮಾತ್ರ ಅಂತ ತಿಳ್ಕಬೇಡಿ. ನಾನು 98 ಕೆಜಿ ಇದ್ದಾಗ ನಮ್ಮ ಸೋದರಮಾವ ನನ್ನ ಹೆಸರೇ ಕರೀತಿರ್ಲಿಲ್ಲ, "ಬಾರ್ಲಾ ಗುಡಾಣ" ಅಂತಲೇ ಕರೀತಿದ್ದ. ಮದುವೆ ಮನೆ, ತಿಥಿ ಮನೆ, ಎಲ್ಲಿ ಸಿಕ್ಕರೂ ಗುಡಾಣ. ಒಂದೂವರೆ ವರ್ಷ ಚಂದ್ರವಳ್ಳಿ ಕಡೆ ನಡೆದೆ, ಭಾನುವಾರ ಜೋಗಿಮಟ್ಟಿ ಹತ್ತಿದೆ, ರಾತ್ರಿ ಎರಡು ಮುದ್ದೆ ಒಂದಾಯ್ತು. 84ಕ್ಕೆ ಬಂದೆ. ಈಗ ಅದೇ ಮಾವ ಎಲ್ಲರ ಮುಂದೆ ದನಿ ತಗ್ಗಿಸಿ ಕೇಳ್ತಾನೆ, "ಏನ್ಲಾ, ಶುಗರ್ರಾ? ಯಾರಿಗೂ ಹೇಳಲ್ಲ, ನಂಗೊಬ್ಬಂಗೆ ಹೇಳು."

ತಡೀಲಾರದೆ "ಹೂಂ ಮಾವ, ನಿಂಗೆ ಬರಬೇಕಾದ್ದು ದಾರಿ ತಪ್ಪಿ ನಂಗೆ ಬಂದೈತೆ" ಅಂದೆ. ಎರಡು ತಿಂಗಳು ಮಾತು ಬಿಟ್ಟ. ಅಮ್ಮನ ಕೈಲಿ ಬೈಸ್ಕಂಡೆ. ಈ ದಾರಿ ನೀವು ಹಿಡೀಬೇಡಿ, ಆದ್ರೆ ಆ ಎರಡು ತಿಂಗಳು ಬಲು ನೆಮ್ಮದಿಯಾಗಿತ್ತು.

ನಿವೃತ್ತ_ಮೇಷ್ಟ್ರು
ತಂಗಿ, ನಿನ್ನ ಪ್ರಯತ್ನ ಸಂತೋಷ. ಆದರೆ ಮನೆಯ ಹಿರಿಯರು ಪ್ರೀತಿಯಿಂದ ಎರಡು ಮಾತು ಆಡಿದರೆ ಅದನ್ನು ಹೀಗೆ ಊರ ಮುಂದೆ ಇಡುವುದು ಸರಿಯೇ? ನಮ್ಮ ಕಾಲದಲ್ಲಿ ಎಲೆಗೆ ಬಡಿಸಿದ್ದನ್ನು ಪ್ರಸಾದ ಅಂತ ಕಣ್ಣಿಗೊತ್ತಿ ಉಣ್ಣುತ್ತಿದ್ದೆವು. ಯಾರೂ ಕ್ಯಾಲರಿ ಎಣಿಸಲಿಲ್ಲ. ಯಾರಿಗೂ ಬೊಜ್ಜು ಬರಲಿಲ್ಲ.

ಸೌಟು_ಸರೋಜ
ಮೇಷ್ಟ್ರೇ, ನಿಮ್ಮ ಕಾಲದಲ್ಲಿ ಹೊಲಕ್ಕೆ ನಡ್ಕಂಡು ಹೋಗ್ತಿದ್ರಿ. ಈಗ ಹಾಲು ತರೋಕೂ ಸ್ಕೂಟಿ.

ಮಂಡಕ್ಕಿ_ಮೆಣಸಿನಕಾಯಿ
ಪ್ರಸಾದ ಎಲೇಲಿ ಬಿಡಬಾರದು, ಒಪ್ದೆ. ಆದ್ರೆ ಮೂರು ಸಲ ಹಾಕಿಸ್ಕೊಳ್ಳಲೇಬೇಕು ಅಂತ ಯಾವ ವಚನದಲ್ಲಿ ಬರ್ದಿದಾರೆ ಸಾರ್? ಬಿಡಬಾರದು ಅಂದ್ರೆ ಕಮ್ಮಿ ಹಾಕಿಸ್ಕೋಬೇಕು ಅಂತಲೂ ಅರ್ಥ ಆಯ್ತಲ್ಲ.

ನಿವೃತ್ತ_ಮೇಷ್ಟ್ರು
ಆ ಅರ್ಥವೂ ಇದೆ. ಆದರೆ ಮಾತಿನಲ್ಲಿ ವಿನಯ ಇರಲಿ ಎಂದೆ.

ಜಗಳೂರು_ಜಾಲಿ
ವಿನಯ ದೊಡ್ಡಮ್ಮಂಗೆ ಹೇಳ್ರಿ ಮೇಷ್ಟ್ರೇ. ಪಂಕ್ತೀಲಿ ಕೂತೋಳ ಹೊಟ್ಟೆ ಬಗ್ಗೆ ಕೂಗಿ ಹೇಳೋದು ಯಾವ ಪ್ರೀತಿ?

ಪಥ್ಯ_ಪಾಠ
ನಾನು ಇದೇ ಊರಲ್ಲಿ ಡಯಟಿಷಿಯನ್. ಆಸ್ಪತ್ರೆ ಹೆಸರು ಬೇಡ. ದಿನಕ್ಕೆ ಹತ್ತು ಜನ ಬರ್ತಾರೆ, ಅದರಲ್ಲಿ ಆರು ಜನ ಊಟದ ಪಟ್ಟಿ ಕೇಳೋಕಿಂತ ಮೊದ್ಲು "ಮೇಡಂ, ನಮ್ಮತ್ತೆಗೆ ನೀವೇ ಒಂದ್ಮಾತು ಹೇಳಿ" ಅಂತಾರೆ.

ಮೊದ್ಲು ಲೆಕ್ಕ. ನಮ್ಮ ಜನಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದ್ರೆ ಅಧಿಕ ತೂಕ, 25 ದಾಟಿದ್ರೆ ಬೊಜ್ಜು ಅಂತ ಹಿಡೀತೀವಿ. ನೀವು 81 ಇದ್ದಾಗ 32 ಇತ್ತು, ಈಗ 30 ಚಿಲ್ಲರೆ. ಸೊರಗೋ ಮಾತು ಬಿಡಿ, ನಿಮ್ಮ ಎತ್ತರಕ್ಕೆ 62 ಕೆಜಿ ಆದ್ರೂ ಆ 23ರ ಗೆರೆ ಮೇಲೇ ಇರ್ತೀರಿ. ಹಾಗಂತ ನಿಮ್ಮವ್ವ ಹೇಳಿದ್ದೂ ಸರಿಯಲ್ಲ. ನಾಲ್ಕು ತಿಂಗಳಿಗೆ 5 ಕೆಜಿ ಅಂದ್ರೆ ಶುರುವಿನ ತೂಕದ ಶೇ. 6. ಶೇ. 5ರಿಂದ 10 ಇಳಿದ್ರೇ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಕೆಳಗೆ ಬರೋಕೆ ಶುರು ಆಗ್ತವೆ. ವಾರಕ್ಕೆ ಅರ್ಧ ಕೆಜಿ ಆಸುಪಾಸು ಇಳಿಯೋದೇ ಒಳ್ಳೇದು. ಕಣ್ಣಿಗೆ ಕಾಣಲ್ಲ, ರಿಪೋರ್ಟಿಗೆ ಕಾಣುತ್ತೆ.

ಮುಖದ ಕಳೆ ಮಾತು ಯಾಕೆ ಬರುತ್ತೆ ಅಂದ್ರೆ, ಎಷ್ಟೋ ಜನಕ್ಕೆ ಕೆನ್ನೆ ಮೊದ್ಲು ಇಳಿಯುತ್ತೆ, ಸೊಂಟ ಆಮೇಲೆ. ನೆಂಟರು ನೋಡೋದು ಮುಖ. ನೀವು ಟೇಪ್ ತಗೊಂಡು ಹೊಟ್ಟೆ ಸುತ್ತಳತೆ ಬರೆದಿಡಿ. ಹೆಣ್ಮಕ್ಕಳಿಗೆ 80 ಸೆಂ.ಮೀ., ಗಂಡಸ್ರಿಗೆ 90 ದಾಟಬಾರದು. ಇನ್ನೊಂದು, ದಿನಾ ತೂಕ ನೋಡಿ ಗಾಬರಿ ಆಗ್ಬೇಡಿ. ಉಪ್ಪು ಜಾಸ್ತಿ ಆದ್ರೆ, ತಿಂಗಳ ದಿನ ಹತ್ರ ಬಂದ್ರೆ ನೀರಿಂದಲೇ ಒಂದು ಕೆಜಿ ಮೇಲೆ ಕೆಳಗೆ ಆಗುತ್ತೆ.

ಬೆಣ್ಣೆ ವಿಷಯ. 15 ಗ್ರಾಂ ಬೆಣ್ಣೆ ಅಂದ್ರೆ ನೂರರ ಮೇಲೆ ಕ್ಯಾಲರಿ. ಬೆಣ್ಣೆ ವಿಷ ಏನಲ್ಲ, ಆದ್ರೆ ನಿಮಗೆ ಗೊತ್ತಿಲ್ದೆ ತಟ್ಟೆಗೆ ಬಂದ್ರೆ ನಿಮ್ಮ ಲೆಕ್ಕ ತಪ್ಪುತ್ತೆ.

ಲೆಕ್ಕಿಗ_ಪಿಜೆ
ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ದಿನಕ್ಕೆ 105ರಂತೆ ತಿಂಗಳಿಗೆ 3,150. ಅಂದ್ರೆ ಅತ್ತೆ ಬೆಣ್ಣೆ ತಿಂಗಳಿಗೆ ಹತ್ರ ಹತ್ರ 400 ಗ್ರಾಂ ಇಳಿಯೋದನ್ನ ನುಂಗ್ತಿದೆ. ಬಡ್ಡಿ ಸೇರಿಸಿಲ್ಲ.

ಪಥ್ಯ_ಪಾಠ
ಕಾಗದದ ಮೇಲೆ ಹಾಗೆ. ಮೈ ಇಷ್ಟು ನೆಟ್ಟಗೆ ಲೆಕ್ಕ ಇಡಲ್ಲ, ತೂಕ ಇಳಿದಂಗೆಲ್ಲ ಅದರ ಖರ್ಚೂ ಕಮ್ಮಿ ಆಗುತ್ತೆ. ಅಂದಾಜಿಗೆ ಸರಿ.

ಹೊಸಜೀವನ_ಕ್ಲಬ್
ನಮಸ್ತೆ ಸಿಸ್ಟರ್! ಮನೆಯವರ ಮಾತಿಗೆ ಕಿವಿಗೊಡಬೇಡಿ. ನಮ್ಮ ಶೇಕ್ ಪುಡಿ ಬೆಳಿಗ್ಗೆ ರಾತ್ರಿ ತಗೊಳ್ಳಿ, ತಿಂಗಳಿಗೆ 10 ಕೆಜಿ ಗ್ಯಾರಂಟಿ. ಇನ್‌ಬಾಕ್ಸ್ ಮಾಡಿ.

ಸೌಟು_ಸರೋಜ
ಬಂದ್ನಲ್ಲಪ್ಪ.

ಜಗಳೂರು_ಜಾಲಿ
10 ಕೆಜಿ ಇಳಿಯೋದು ಜೇಬಿಂದಾ?

ಎಂಸಿಸಿ_ಬಿ_ಬ್ಲಾಕ್
ನಾನು ಈ ಪುಡಿ ಮೂರು ತಿಂಗಳು ಕುಡ್ದೆ, ಕಂಪನಿ ಹೆಸರು ಬೇಡ. 11 ಕೆಜಿ ಇಳೀತು ನಿಜ. ಬಾಚಿದ್ರೆ ಬಾಚಣಿಗೆ ತುಂಬ ಕೂದಲು. ನಿಲ್ಲಿಸಿ ಆರು ತಿಂಗಳಿಗೆ 13 ಬಂತು. ಆಮೇಲೆ ಪಿತ್ತಕೋಶದಲ್ಲಿ ಕಲ್ಲು ಅಂತ ಸ್ಕ್ಯಾನ್. ಪುಡಿಯಿಂದಲೇ ಅಂತ ಹೇಳಲ್ಲ, ಅಷ್ಟು ಬೇಗ ಇಳಿಸಿದ್ರೆ ಕಲ್ಲಾಗೋ ಸಂಭವ ಜಾಸ್ತಿ ಅಂತ ಸರ್ಜನ್ ಹೇಳಿದ್ರು. ಮಜಾ ಏನಂದ್ರೆ, ಆ ಮೂರು ತಿಂಗಳು ಮನೆಯವರೆಲ್ಲ "ಅಬ್ಬಾ, ಎಷ್ಟು ಚೆಂದ ಆಗಿದೀಯ" ಅಂತಿದ್ರು. ಈಗ ನೆಟ್ಟಗೆ ಉಂಡು ನಡೆದು ಇಳಿಸ್ತಾ ಇದ್ರೆ ಒಬ್ರೂ ಮಾತಾಡಲ್ಲ.

ಕೋಟೆ_ಹುಡುಗ
ಅಕ್ಕಾ, ರೊಟ್ಟಿ ಬಿಟ್ಟು ಮುದ್ದೆಗೆ ಬನ್ನಿ. ರಾಗಿ ತಿಂದ್ರೆ ತಾನಾಗೇ ಇಳಿಯುತ್ತೆ. ನಮ್ಮ ದುರ್ಗದ ಮಂದಿ ನೋಡಿ.

ಪಥ್ಯ_ಪಾಠ
ಇದನ್ನ ದಿನಾ ಕೇಳ್ತೀನಿ. ನೂರು ಗ್ರಾಂ ಅಕ್ಕಿ, ಜೋಳ, ರಾಗಿ, ಯಾವುದಾದ್ರೂ ಹೆಚ್ಚುಕಮ್ಮಿ 320ರಿಂದ 350 ಕ್ಯಾಲರಿನೇ. ರಾಗೀಲಿ ನಾರು, ಸುಣ್ಣದ ಅಂಶ ಜಾಸ್ತಿ, ಹೊಟ್ಟೆ ಬೇಗ ತುಂಬುತ್ತೆ, ಅದು ಲಾಭ. ಹಾಗಂತ ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ, ಮೇಲೆ ಶೇಂಗಾ ಚಟ್ನಿ ಕಲಸ್ಕೊಂಡ್ರೆ ಏನೂ ಇಳಿಯಲ್ಲ. ಶೇಂಗಾ ನೂರು ಗ್ರಾಮಿಗೆ 550ರ ಮೇಲಿದೆ.

ಕೋಟೆ_ಹುಡುಗ
ನಾನು ಇಳಿದೀನಲ್ಲ ಮೇಡಂ!

ಪಥ್ಯ_ಪಾಠ
ಎರಡು ಮುದ್ದೆ ಒಂದಾಯ್ತು ಅಂತ ನೀವೇ ಮೇಲೆ ಬರ್ದಿದೀರಿ. ಇಳಿಸಿದ್ದು ಆ ತಿನ್ನದ ಮುದ್ದೆ.

ಎಣ್ಣೆಪೇಟೆ_ಚಳ್ಳಕೆರೆ
ಶೇಂಗಾ ಬಗ್ಗೆ ಯಾರಾದ್ರೂ ಕೆಟ್ಟದ್ದು ಮಾತಾಡಿದ್ರೆ ಚಳ್ಳಕೆರೆಗೆ ಬರೋ ಹಾಗಿಲ್ಲ, ಹೇಳ್ಬಿಟ್ಟೀನಿ.

ಮಂಡಕ್ಕಿ_ಮೆಣಸಿನಕಾಯಿ
ದುರ್ಗದವರು ಮುದ್ದೆ ತಿಂದು ಕೋಟೆ ಹತ್ತಿ, ನಮಗೆ ಬೆಣ್ಣೆ ದೋಸೆ ಬಿಡಿ. ಊರಿನ ಮಾನ ಪ್ರಶ್ನೆ.

ಕೋಟೆ_ಹುಡುಗ
ಯಾವ ಊರಿನ ಮಾನ? 1997ರ ಆಗಸ್ಟ್ 15ರ ತನಕ ನೀವೂ ಚಿತ್ರದುರ್ಗ ಜಿಲ್ಲೆನೇ. ಬೆಣ್ಣೆ ದೋಸೆಲಿ ನಮ್ಮದೂ ಪಾಲೈತೆ.

ನಿವೃತ್ತ_ಮೇಷ್ಟ್ರು
ಬೆಣ್ಣೆ ದೋಸೆಯ ಮೂಲ ಇಬ್ಬರದೂ ಅಲ್ಲ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ದೋಸೆ ಅಂಗಡಿ ಇಟ್ಟರೆಂದೂ, ಮೊದಮೊದಲು ಅದು ರಾಗಿ ದೋಸೆಯೇ ಆಗಿತ್ತೆಂದೂ ಊರಲ್ಲಿ ಹೇಳುತ್ತಾರೆ.

ಕೋಟೆ_ಹುಡುಗ
ನೋಡಿ! ರಾಗಿ! ನಾನು ಹೇಳ್ಲಿಲ್ವಾ!

ಜಗಳೂರು_ಜಾಲಿ
ಪೋಸ್ಟ್ ಹಾಕಿದ ಅಕ್ಕ ಪಾಪ ಕಾಯ್ತಿದಾರೆ, ನೀವು ದೋಸೆ ಹುಯ್ತಾ ಇದೀರಿ.

ಪಾರ್ಸಲ್_ಗಂಡ
ನಂದೊಂದು ತಪ್ಪೊಪ್ಪಿಗೆ. ಈ ಅಕ್ಕನ ಯಜಮಾನ್ರು ನಾನಲ್ಲ, ಆದ್ರೆ ಅದೇ ಜಾತಿ. ನನ್ನ ಹೆಂಡತಿಗೆ ಥೈರಾಯ್ಡ್, ಪಿಸಿಒಡಿ ಎರಡೂ. ಕಷ್ಟಪಟ್ಟು ಇಳಿಸ್ತಿದ್ಲು. ನಾನು ದಿನಾ ಸಂಜೆ ರಾಮ್ ಅಂಡ್ ಕೋ ಸರ್ಕಲ್ ಕಡೆಯಿಂದ ಬರ್ತಾ ಮಿರ್ಚಿ, ಮಂಡಕ್ಕಿ ಕಟ್ಟಿಸ್ಕೊಂಡು ಬರ್ತಿದ್ದೆ. "ಒಂದು ತಿನ್ನೇ, ಏನಾಗಲ್ಲ." ಅವಳು ಬೇಡ ಅಂದ್ರೆ ನಂಗೆ ಸಿಟ್ಟು ಬರ್ತಿತ್ತು. ಯಾಕೆ ಸಿಟ್ಟು ಅಂತ ಒಂದಿನ ಕೂತು ಯೋಚಿಸ್ದೆ. ಅವಳು ತಿನ್ನದಿದ್ರೆ ನಾನೊಬ್ಬನೇ ತಿನ್ನಬೇಕು. ಒಬ್ಬನೇ ಆರು ಮಿರ್ಚಿ ತಿಂತಾ ಕೂತ್ರೆ ನನ್ನ ಹೊಟ್ಟೆ ನಂಗೇ ಕಾಣುತ್ತೆ. ಅಷ್ಟೇ ಕಾರಣ. ಪ್ರೀತಿ ಗೀತಿ ಏನೂ ಇರ್ಲಿಲ್ಲ.

ಸೌಟು_ಸರೋಜ
ಗಂಡಸ್ರು ಹಿಂಗೆ ಬರೆದದ್ದು ಮೊದಲ ಸಲ ನೋಡ್ತಾ ಇರೋದು. ಈಗ ಎಷ್ಟು ಮಿರ್ಚಿ?

ಪಾರ್ಸಲ್_ಗಂಡ
ಎರಡು. ಅಂಗಡಿ ಮುಂದೇನೇ ತಿಂದು ಬಾಯಿ ಒರೆಸ್ಕೊಂಡು ಬರ್ತೀನಿ.

ಹೊಸಬಳು_20
ನಾನು ಕಾಲೇಜು. ಅಣ್ಣ, ಚಿಕ್ಕಪ್ಪ ಎಲ್ಲ ಡುಮ್ಮಿ ಅಂತಾರೆ. ಯಾರಿಗೂ ಹೇಳಿಲ್ಲ, ಒಂದು ತಿಂಗಳಿಂದ ದಿನಕ್ಕೆ ಒಂದೇ ಸಲ ತಿಂತಿದೀನಿ. ಜಾಸ್ತಿ ತಿಂದೆ ಅನ್ಸಿದ್ರೆ ವಾಂತಿ ಮಾಡ್ಕೋತೀನಿ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ತಲೆ ಸುತ್ತಿ ಕೂತ್ಬಿಟ್ಟೆ. ಇದು ಸರಿ ಹೋಗುತ್ತಾ?

ಪಥ್ಯ_ಪಾಠ
ಪುಟ್ಟಿ, ಬರ್ದು ಹೇಳಿದ್ದು ಒಳ್ಳೇದಾಯ್ತು. ಇದನ್ನ ತಾನಾಗೇ ಸರಿ ಹೋಗುತ್ತೆ ಅಂತ ಬಿಡೋ ಹಾಗಿಲ್ಲ. ವಾಂತಿ ಮಾಡ್ಕೊಳ್ತಾ ಇದ್ರೆ ಮೈಯ ಪೊಟ್ಯಾಶಿಯಂ ಇಳಿಯುತ್ತೆ, ಅದು ಹೃದಯದ ಬಡಿತಕ್ಕೇ ತೊಂದರೆ. ಈ ವಾರವೇ ಡಾಕ್ಟ್ರಿಗೆ ತೋರಿಸು, ವಾಂತಿ ವಿಷಯ ಮುಚ್ಚಿಡಬೇಡ. ಮತ್ತೆ ತಲೆ ಸುತ್ತಿ ಬಿದ್ರೆ, ಎದೆ ಡವಡವ ಅಂದ್ರೆ ವಾರ ಕಾಯದೆ ಆಸ್ಪತ್ರೆಗೆ ಹೋಗು. ಮನೇಲಿ ಹೇಳೋಕೆ ಆಗದಿದ್ರೆ 14416ಕ್ಕೆ ಫೋನ್ ಮಾಡು, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ನಂಗೂ ಮೆಸೇಜ್ ಮಾಡು.

ಜಗಳೂರು_ಜಾಲಿ
ಮೇಷ್ಟ್ರೇ, "ಪ್ರೀತಿಯಿಂದ ಆಡಿದ ಎರಡು ಮಾತು" ಇಲ್ಲಿಗೆ ಬಂದು ನಿಂತಿದೆ ನೋಡಿ.

ನಿವೃತ್ತ_ಮೇಷ್ಟ್ರು
ಓದಿದೆ. ನನ್ನ ಮೊಮ್ಮಗಳನ್ನು ನಾನೂ ಗುಂಡಮ್ಮ ಎಂದೇ ಕರೆಯುತ್ತೇನೆ. ಅವಳಿಗೆ ಹದಿನಾಲ್ಕು. ಇನ್ನು ಹೆಸರು ಹಿಡಿದು ಕರೆಯುತ್ತೇನೆ.

ಮಗನ_ಫೋನಿಂದ
ನಾನು ಮಾತಾಡ್ತೀನಿ, ನನ್ನ ಮಗ ಟೈಪ್ ಮಾಡ್ತಾನೆ. ನಂಗೆ 63. ನಾನೂ ಒಬ್ಬ ಅತ್ತೆ. ಎಲ್ಲ ಓದಿಸ್ಕಂಡೆ.

ನಾನು ಸೊಸೆಯಾಗಿ ಬಂದಾಗ ಮನೇಲಿ ಹನ್ನೊಂದು ಜನ. ಕೊನೇ ಪಂಕ್ತಿ ನಂದು. ಎಲ್ರೂ ಉಂಡು ಕೈ ತೊಳ್ದ ಮೇಲೆ ತಳದ ಸಾರು, ಗಟ್ಟಿಯಾದ ರೊಟ್ಟಿ. ತುಪ್ಪದ ಗಡಿಗೆ ನೆಲುವಿನ ಮೇಲೆ ಇರ್ತಿತ್ತು. ಬೀಗ ಏನಿರ್ಲಿಲ್ಲ. ನಮ್ಮತ್ತೆ ಕಣ್ಣಿತ್ತು. ಬಸುರಿ ಇದ್ದಾಗಲೂ ಬಾಯಿ ಬಿಟ್ಟು ಕೇಳ್ಲಿಲ್ಲ. ನನ್ನ ಸೊಸೆ ಬಂದ ದಿನ ಅವಳನ್ನ ನನ್ನ ಪಕ್ಕ ಕೂರಿಸ್ಕಂಡು ನಾನೇ ತುಪ್ಪ ಹಾಕ್ದೆ. ಈಗ ಅವಳು "ಅತ್ತೆ, ತುಪ್ಪ ಬೇಡ" ಅಂದ್ರೆ ನಂಗೆ ಆ ಗಡಿಗೆ ಕಣ್ಣ ಮುಂದೆ ಬರುತ್ತೆ. ತೂಕ ಗೀಕ ನಂಗೆ ತಿಳಿಯಲ್ಲ.

ಆದ್ರೂ ಆ ಹೆಣ್ಮಗಳ ರೊಟ್ಟಿಗೆ ಕದ್ದು ಬೆಣ್ಣೆ ಇಟ್ಟಿದ್ದು ತಪ್ಪು. ಹಾಕೋದಿದ್ರೆ ಎದುರಿಗೆ ಹಾಕಬೇಕು.

ಮಂಡಕ್ಕಿ_ಮೆಣಸಿನಕಾಯಿ
ಅಮ್ಮಾ 🙏 ಇದನ್ನ ಓದಿ ಸುಮ್ನೆ ಕೂತೆ.

ಸೌಟು_ಸರೋಜ
ಅಮ್ಮ ಹೇಳಿದ್ದರಲ್ಲೇ ಉಪಾಯ ಐತೆ ನೋಡ್ರಿ. ನಮ್ಮನೇಲಿ ನಾನು ಮಾಡಿದ್ದು ಹೇಳ್ತೀನಿ, ಅದಕ್ಕೇ ಈ ಹೆಸರು ಇಟ್ಕಂಡಿರೋದು.

ಮೊದ್ಲು ನಾನೇ ಬಡಿಸ್ಕಂಡು, ಕಮ್ಮಿ ಹಾಕ್ಕಂಡು, ಬೇಗ ಎದ್ದು ಹೋಗ್ತಿದ್ದೆ. ನಮ್ಮತ್ತೆಗೆ ಅದೇ ಉರಿ. ಊಟ ಕಮ್ಮಿ ಆಗಿದ್ದಕ್ಕಿಂತ ಅವರ ಕೈ ತಪ್ಪಿತಲ್ಲ, ಅದು ನೋವು. ಒಂದಿನ ಸೌಟು ಅವರ ಕೈಗೇ ಕೊಟ್ಟೆ. "ಅತ್ತೆ, ಡಾಕ್ಟ್ರು ಒಂದು ಸೌಟು ಅನ್ನ, ಎರಡು ಸೌಟು ಪಲ್ಯ ಅಂದಾರೆ. ನಂಗೆ ಕೈ ತಡೆಯಲ್ಲ, ನೀವೇ ಬಡಿಸಿ, ನಾನು ಜಾಸ್ತಿ ಕೇಳಿದ್ರೂ ಹಾಕ್ಬೇಡಿ." ಮೂರೇ ದಿನ. ನಾಕನೇ ದಿನ ನಾನೇ ಇನ್ನೊಂಚೂರು ಅನ್ನ ಹಾಕ್ರಿ ಅಂದ್ರೆ "ಡಾಕ್ಟ್ರು ಏನಂದಾರೆ?" ಅಂತ ಗದರಿಸಿದ್ರು. ಈಗ ನಾನು ಕದ್ದು ತಿನ್ನೋ ಪರಿಸ್ಥಿತಿ.

ಪಥ್ಯ_ಪಾಠ
ಇದನ್ನ ನನ್ನ ಕೋಣೆ ಗೋಡೆ ಮೇಲೆ ಬರೆದು ಅಂಟಿಸ್ತೀನಿ. ಪಲ್ಯದ ಎರಡು ಸೌಟಲ್ಲಿ ಒಂದು ಕಾಳಿನದ್ದಿರಲಿ. ತೂಕ ಇಳಿಸುವಾಗ ಪ್ರೋಟೀನ್ ಕಮ್ಮಿ ಆದ್ರೆ ಕೊಬ್ಬಿನ ಜತೆ ಮಾಂಸಖಂಡವೂ ಹೋಗುತ್ತೆ. ಆಗ "ಸೊರಗಿದೀಯ" ಅನ್ನೋ ಮಾತು ನಿಜ ಆಗ್ಬಿಡುತ್ತೆ.

ಜಗಳೂರು_ಜಾಲಿ
ಸೌಟು ಉಪಾಯ ಒಳ್ಳೆ ಅತ್ತೆಗೆ ನಡೆಯುತ್ತೆ. ಬೇಕಂತಲೇ ಚುಚ್ಚೋರಿಗೆ ಏನ್ ಮಾಡೋದು? ನಮ್ಮ ನೆಗೆಣ್ಣಿ ಇದಾಳೆ. ನಾನು ಇಳಿದ್ರೂ ಅವಳಿಗೆ ಹೊಟ್ಟೆಕಿಚ್ಚು, ಏರಿದ್ರೆ ಹಬ್ಬ. ಅವಳ ಕೈಗೆ ಸೌಟು ಕೊಟ್ರೆ ತಲೆಗೇ ಹಾಕ್ತಾಳೆ.

ಎಂಸಿಸಿ_ಬಿ_ಬ್ಲಾಕ್
ಅಂಥವರಿಗೆ ನಾನು ವಿಷಯವೇ ಕೊಡಲ್ಲ. ಎಷ್ಟು ಕೆಜಿ, ಏನ್ ತಿಂತೀಯ, ಯಾವ ಡಾಕ್ಟ್ರು, ಎಲ್ಲದಕ್ಕೂ ಒಂದೇ ಉತ್ತರ: "ಆರಾಮಿದೀನಿ ರೀ, ನಿಮ್ಮ ಕಡೆ ಮಳೆ ಆಯ್ತಾ?" ಎರಡು ಸಲ ಕೇಳ್ತಾರೆ, ಮೂರನೇ ಸಲ ಮಳೆ ಬಗ್ಗೆನೇ ಮಾತು ಶುರು ಮಾಡ್ತಾರೆ. ನಮ್ಮ ಕಡೆ ಮಳೆಯಂತೂ ಯಾವತ್ತೂ ಸರಿಯಾಗಿ ಆಗಲ್ಲ, ವಿಷಯ ಮುಗಿಯಲ್ಲ.

ಲೆಕ್ಕಿಗ_ಪಿಜೆ
ದುಗ್ಗಮ್ಮನ ಜಾತ್ರೆ ಟೈಮಲ್ಲಿ ಏನ್ ಮಾಡ್ತೀರಿ ಎಲ್ರೂ? ಎರಡು ವರ್ಷಕ್ಕೊಂದ್ಸಲ ಬರೋದು, ಮನೆ ತುಂಬ ನೆಂಟರು, ಮೂರು ದಿನ ಬಾಡೂಟ. ಹೋದ ಜಾತ್ರೇಲಿ ನಾನು ಬೇಡ ಅಂದಿದ್ದಕ್ಕೆ ನಮ್ಮ ಬೀಗರು ಊಟ ಬಿಟ್ಟು ಎದ್ದು ಹೋಗೋಕೆ ತಯಾರಾದ್ರು.

ಪಥ್ಯ_ಪಾಠ
ತಿನ್ನಿ ಸಾರ್. ಎರಡು ವರ್ಷಕ್ಕೆ ಮೂರು ದಿನ ಉಂಡದ್ದಕ್ಕೆ ಯಾರೂ ದಪ್ಪ ಆಗಲ್ಲ. ಉಳಿದ ಏಳುನೂರು ಚಿಲ್ಲರೆ ದಿನದ ಕಥೆ ಹೇಳಿ.

ಲೆಕ್ಕಿಗ_ಪಿಜೆ
ಅದನ್ನ ಲೆಕ್ಕ ಹಾಕಿಲ್ಲ.

ವಿದ್ಯಾನಗರದ_ಸೊಸೆ
ಅಯ್ಯೋ, ನಾಲ್ಕು ದಿನ ಉತ್ತರ ಬರೆಯೋಕಾಗ್ಲಿಲ್ಲ, ಇಷ್ಟೊಂದು ಬರ್ದಿದೀರಾ! ಒಬ್ಬೊಬ್ರಿಗೂ ಥ್ಯಾಂಕ್ಸ್. ಆ ಹೊಸಬಳು ಹುಡುಗಿ ಡಾಕ್ಟ್ರ ಹತ್ರ ಹೋದ್ಲಾ?

ಪಥ್ಯ_ಪಾಠ
ಮೆಸೇಜ್ ಮಾಡಿದ್ಲು. ಅಕ್ಕನ ಜತೆ ಹೋಗಿ ಬಂದಿದಾಳೆ. ಅಷ್ಟು ಮಾತ್ರ ಹೇಳ್ಬಹುದು ಅಂದ್ಲು.

ವಿದ್ಯಾನಗರದ_ಸೊಸೆ
ಸದ್ಯ. ಈಗ ನನ್ನ ಕಥೆ.

ಮೂರು ದಿನದ ಹಿಂದೆ ರಾತ್ರಿ ಅತ್ತೆ ನಡುಮನೇಲಿ ಶೇಂಗಾ ಸುಲೀತಾ ಕೂತಿದ್ರು. ನಾನೂ ಕೂತು "ಮಗನ ಫೋನಿಂದ" ಬರೆದ ಅಮ್ಮನ ಮಾತನ್ನ ಓದಿ ಹೇಳ್ದೆ, ಬೆಣ್ಣೆ ಕಡೆಯ ಸಾಲು ಮಾತ್ರ ಬಿಟ್ಟೆ. ಅತ್ತೆ ಕೈ ನಿಲ್ಲಿಸ್ಲಿಲ್ಲ. ಮುಗಿದ ಮೇಲೆ "ಯಾರವ್ವ ಅವಳು ಪುಣ್ಯಾತ್ಗಿತ್ತಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ನೆಲುವಾದ್ರೂ ಇತ್ತು. ನಮ್ಮನೇಲಿ ತುಪ್ಪವೇ ಇರ್ಲಿಲ್ಲ." ಆಮೇಲೆ ಅವರು ಸುಲಿದಿದ್ದ ಶೇಂಗಾದಲ್ಲಿ ಒಂದು ಹಿಡಿ ತೆಗೆದು ನನ್ನ ಕಡೆ ಚಾಚಿದ್ರು, ಏನೋ ನೆನಪಾಗಿ ಅರ್ಧ ವಾಪಸ್ ಹಾಕಿ ಉಳಿದದ್ದು ಕೊಟ್ರು. ನಾನು ತಿಂದೆ.

ಮರುದಿನ ಸರೋಜಕ್ಕ ಹೇಳಿದಂಗೆ ಸೌಟು ಕೊಟ್ಟೆ. ಈಗ ಮೂರು ದಿನ. ಇವತ್ತು ಬೆಳಿಗ್ಗೆ ಪಕ್ಕದ ಮನೆಯವರ ಹತ್ರ ಕಾಂಪೌಂಡ್ ಮೇಲಿಂದ ಹೇಳ್ತಿದ್ರು, "ನಮ್ಮ ಹುಡುಗಿ ನಾನು ಹಾಕಿದಷ್ಟೇ ಉಣ್ಣೋದು, ಒಂದು ಅಗುಳು ಜಾಸ್ತಿ ಇಲ್ಲ." ನಾನು ಸೊರಗಿದ ವಿಷಯ ಬರ್ಲೇ ಇಲ್ಲ. ಯಜಮಾನ್ರ ಪಾರ್ಸಲ್ಲಿಗೂ ಅತ್ತೆ ತಡೆ ಹಾಕಿದಾರೆ. ನಿನ್ನೆ ಅವರು ದೋಸೆ ತಂದ್ರೆ "ಅವಳಿಗೆ ನಾನು ಬಡಿಸಿ ಆಯ್ತು, ನೀನೇ ತಿನ್ನು" ಅಂದ್ರು. ಎರಡು ದೋಸೆ ಒಬ್ರೇ ತಿಂದು ಇವತ್ತು ಬೆಳಿಗ್ಗೆ ನನ್ನ ಜತೆ ಕುಂದವಾಡ ಕೆರೆಗೆ ಬಂದಿದ್ರು. ಅರ್ಧ ಸುತ್ತಿಗೆ ಬೆಂಚು ಹುಡುಕಿದ್ರು.

ಹರಿಹರದ ಅವ್ವಂಗೆ ರಿಪೋರ್ಟ್ ಫೋಟೋ ಕಳಿಸ್ದೆ. ಎಚ್‌ಬಿಎ1ಸಿ 5.8 ಆಗಿದೆ. ನೋಡಿ, "ಅದಿರ್ಲಿ, ತೋಳು ಹಂಗೇ ಅದಾವಲ್ಲ" ಅಂತ ವಾಯ್ಸ್ ಮೆಸೇಜ್ ಹಾಕಿದಾರೆ. ಅವ್ವನ ಆಸೆ ಬಿಟ್ಟೆ.

ಪಾರ್ಸಲ್_ಗಂಡ
ಬೆಂಚು ಹುಡುಕಿದ ಅಣ್ಣಂಗೆ ನನ್ನ ನಮಸ್ಕಾರ ತಿಳಿಸಿ.

ಕೋಟೆ_ಹುಡುಗ
6.1ರಿಂದ 5.8! ಭಲೇ ಅಕ್ಕ.

ಪಥ್ಯ_ಪಾಠ
ಒಳ್ಳೆ ಇಳಿಕೆ. 5.7ಕ್ಕಿಂತ ಕೆಳಗೆ ಬಂದ್ರೆ ಹೊಸ್ತಿಲಿಂದ ಅಂಗಳಕ್ಕೆ ಇಳೀತು ಅಂತ ಲೆಕ್ಕ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಿ, ನಡುವೆ ಬೇಡ.

ಜಗಳೂರು_ಜಾಲಿ
ಎಲ್ಲ ಸರಿ, ದೊಡ್ಡಮ್ಮಂದು ಏನಾಯ್ತು?

ವಿದ್ಯಾನಗರದ_ಸೊಸೆ
ಶುಕ್ರವಾರ ನಾಮಕರಣ ಇದೆ, ಅವರೂ ಬರ್ತಾರೆ. ಹೋಳಿಗೆನೂ ಇದೆಯಂತೆ. ಹೊಟ್ಟೇಲಿ ಈಗ್ಲೇ ಏನೋ ಆಗ್ತಿದೆ.

ಮಂಡಕ್ಕಿ_ಮೆಣಸಿನಕಾಯಿ
ಬಡಿಸೋ ಹುಡುಗನ್ನ ಮೊದ್ಲೇ ಹಿಡ್ಕಳಿ. "ಯಾರು ಏನ್ ಕೂಗಿದ್ರೂ ನನ್ನ ಎಲೆಗೆ ಒಂದು" ಅಂತ.

ಸೌಟು_ಸರೋಜ
ಅದೆಲ್ಲ ಬೇಡ. ನಿಮ್ಮತ್ತೇನ ಪಕ್ಕದಲ್ಲಿ ಕೂರಿಸ್ಕಳ್ರಿ. ಈಗ ಸೌಟು ಅವರ ಕೈಲೈತಲ್ಲ, ದೊಡ್ಡಮ್ಮನ ಅವರೇ ನೋಡ್ಕಂತಾರೆ.

ವಿದ್ಯಾನಗರದ_ಸೊಸೆ
ಅಯ್ಯೋ ಹೌದಲ್ವಾ! ಹೊಳೀಲೇ ಇಲ್ಲ. ಸರಿ, ಅತ್ತೆ ಕರೀತಿದಾರೆ, ಊಟಕ್ಕೆ. ತಡ ಆದ್ರೆ ಪಲ್ಯದ ಎರಡನೇ ಸೌಟು ಕ್ಯಾನ್ಸಲ್ ಮಾಡ್ತಾರೆ.

ಎಣ್ಣೆಪೇಟೆ_ಚಳ್ಳಕೆರೆ
ಸುಲಿದ ಶೇಂಗಾ ಎಲ್ಲಿಂದ ತಂದದ್ದು ಅಂತ ಅತ್ತೇನ ಕೇಳಿ ಹೇಳಿ. ಚಳ್ಳಕೆರೆದಾ?